ಮೊದಲ ಓಂ ಶಾಂತಿ

ಗುರುರಾಜನಿಗೆ ಸಾವಿನ ಸುದ್ದಿ ಎಂದರೆ ಬಲು ಇಷ್ಟವೆಂದು ಅವನ ಫೋನು ತೀರ್ಮಾನಿಸಿಬಿಟ್ಟಿತ್ತು.

ಆಷಾಢದಲ್ಲಿ ತಾಯಿ ಸಖೂಬಾಯಿ ತೀರಿಕೊಂಡಾಗ ಅವನು ಫೇಸ್‌ಬುಕ್ಕಿನಲ್ಲಿ ಅವಳ ಫೋಟೊ ಹಾಕಿದ್ದ. ನೂರಾರು ಮಂದಿ ಓಂ ಶಾಂತಿ ಎಂದರು. ಒಬ್ಬೊಬ್ಬರಿಗೂ ಕೈಮುಗಿದು ಉತ್ತರ ಬರೆದ. ಅವರ ಮನೆಗಳಲ್ಲಿ ಯಾರಾದರೂ ತೀರಿದರೆ ತಾನೂ ಬರೆದ. ಮುಯ್ಯಿ ಎಂದಮೇಲೆ ತೀರಿಸಬೇಕಲ್ಲ. ಅಂದಿನಿಂದ ಅವನ ಫೋನಿನಲ್ಲಿ ಮದುವೆಯಿಲ್ಲ, ತೊಟ್ಟಿಲಿಲ್ಲ. ತಳ್ಳಿದಷ್ಟೂ ಹಾರ ಹಾಕಿದ ಮುಖಗಳೇ.

"ಬ್ಯಾಡಾಗಿದ್ರ ಮುಂದ ದಾಟಸ್ರಿ. ನಿಂತು ನೋಡಿದ್ರ ಅದು ಮತ್ತ ಅದನ್ನ ತಂದು ತೋರಸ್ತದ," ಎಂದು ಹೆಂಡತಿ ವಂದನಾ ಗೊಣಗುತ್ತಿದ್ದಳು.

ನೋಡಲು ಅವನಿಗೂ ಮನಸ್ಸಿರಲಿಲ್ಲ. ಆದರೆ ಸತ್ತವರ ಮುಖವನ್ನು ಸರ್ರನೆ ದಾಟಿ ಹೋಗುವುದು ಹೇಗೆ? ಒಂದು ಗಳಿಗೆ ನಿಲ್ಲುತ್ತಿದ್ದ. ಫೋನು ಅಷ್ಟಕ್ಕೇ ಖುಷಿಪಟ್ಟು ಇನ್ನೂ ನಾಲ್ಕು ಹೆಣ ತರುತ್ತಿತ್ತು.

ಆವತ್ತು ಬೆಳಿಗ್ಗೆ ತಿಕೋಟಾ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕುಳಿತಿದ್ದ. ತಿಕೋಟಾದ ಪತ್ತಿನ ಸಂಘದಲ್ಲಿ ಹನ್ನೊಂದು ವರ್ಷದಿಂದ ಕ್ಲಾರ್ಕು. ಮನೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದೆ. ಸಂಘದ ವಿಜಯಪುರ ಶಾಖೆ ಮನೆಯಿಂದ ಎರಡು ಓಣಿ ಆಚೆ. ಅಲ್ಲಿಗೆ ಬದಲಿ ಕೇಳಿದ ಅರ್ಜಿ ನಾಲ್ಕು ತಿಂಗಳಿಂದ ಚೇರ್ಮನ್ ಬಸಲಿಂಗಯ್ಯನವರ ಮೇಜಿನ ಮೇಲೆ ಸಹಿಗಾಗಿ ಬಿದ್ದಿತ್ತು. ತಾಯಿ ಕುಸಿದು ಬಿದ್ದಾಗ ಅವನು ಇದೇ ಬಸ್ಸಿನಲ್ಲಿದ್ದ. ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಈಗ ವಂದನಾಳಿಗೆ ದಮ್ಮು. ಮಾತು ಮಾತಿಗೆ ಉಸಿರು ಕಟ್ಟುತ್ತದೆ. ಇನ್ನೊಮ್ಮೆ ಬಸ್ಸಿನಲ್ಲಿ ಸಿಕ್ಕಿಕೊಳ್ಳುವ ಧೈರ್ಯ ಅವನಿಗೆ ಇರಲಿಲ್ಲ.

ಫೋನು ತಳ್ಳಿದ. ಬಸಲಿಂಗಯ್ಯನವರು! ಕುರ್ಚಿಯಲ್ಲಿ ನೆಟ್ಟಗೆ ಕೂಡಿಸಿದ್ದಾರೆ. ತಲೆಗೆ ಪಟಗಾ, ಹಣೆ ತುಂಬ ವಿಭೂತಿ, ಹೆಗಲಿಗೆ ಶಾಲು, ಗಲ್ಲದ ತನಕ ಹಾರ, ಕಣ್ಣು ಮುಚ್ಚಿವೆ. ಕೆಳಗೆ ಹೆಸರು ಮಾತ್ರ. ಅವರ ಮಂದಿಯಲ್ಲಿ ಸತ್ತವರನ್ನು ಹೀಗೆಯೇ ಸಿಂಗರಿಸಿ ಕೂಡಿಸುತ್ತಾರೆ.

ಅವನಿಗೆ ಮೊದಲು ನೆನಪಾದದ್ದು ಸಹಿಯಾಗದ ಅರ್ಜಿ. ಛೇ, ಎಂಥ ಹೊತ್ತಿನಲ್ಲಿ ಎಂಥ ಯೋಚನೆ ಎಂದು ನಾಚಿಕೆಯಾಯಿತು. ಆ ನಾಚಿಕೆಗೇ ಎರಡು ಸಾಲು ಹೆಚ್ಚು ಬರೆದ: "ಓಂ ಶಾಂತಿ. ಸಂಘಕ್ಕೆ ತಾಯಿಯಂತಿದ್ದವರು. ಇಂಥವರು ಮತ್ತೆ ಹುಟ್ಟಿ ಬರುವುದಿಲ್ಲ." ಸಂಘ ಎಂಬುದೊಂದನ್ನು ಬಿಟ್ಟರೆ ಅವು ಅವನ ತಾಯಿಗೆ ಯಾರೋ ಬರೆದಿದ್ದ ಮಾತುಗಳು.

ಅವನದೇ ಮೊದಲ ಓಂ ಶಾಂತಿ. ಮೊದಲು ಅತ್ತವನನ್ನು ಯಾರೂ ಪುರಾವೆ ಕೇಳುವುದಿಲ್ಲ. ಬಸ್ಸು ತಿಕೋಟಾ ಮುಟ್ಟುವಷ್ಟರಲ್ಲಿ ಅವನ ಹಿಂದೆ ಅರವತ್ತು ಮಂದಿ ಅತ್ತಿದ್ದರು.

ಸಂಘದ ಬಾಗಿಲಲ್ಲೇ ಹೇಮಂತ ತಡೆದ. ಅವನೂ ಕ್ಲಾರ್ಕು, ವಿಜಯಪುರ ಶಾಖೆಯ ಅದೇ ಒಂದು ಜಾಗಕ್ಕೆ ಅರ್ಜಿ ಹಾಕಿದವನು.

"ಗುರುರಾಜ, ಸಾಹೇಬ್ರು ಗಟ್ಟಿ ಅದಾರೋ. ನಿನ್ನೆ ದ್ರಾಕ್ಷಿ ಬೆಳೆಗಾರರು ಸತ್ಕಾರ ಮಾಡ್ಯಾರ. ಫೋಟೊದ ಬೆಳಕಿಗಿ ಕಣ್ಣ ಮುಚ್ಚ್ಯಾರ, ಅಷ್ಟ. ನೀ ಓಂ ಶಾಂತಿ ಅಂದಿ ಅಂತ ನಾನೂ ಅಂದುಬಿಟ್ಟೆ."

ಗುರುರಾಜ ಮೆಟ್ಟಿಲ ಮೇಲೆ ಕುಳಿತ. ಎದುರಿನ ಚಹಾ ಅಂಗಡಿಯ ಶಂಕರೆಪ್ಪ ಅರ್ಧ ಬಾಗಿಲು ಎಳೆದು ಬಂದು, "ಮಣ್ಣು ಕೊಡೂದು ಎಷ್ಟೊತ್ತಿಗ್ರಿ?" ಎಂದು ಮೆಲ್ಲಗೆ ಕೇಳಿದ. ಕಸ ಗುಡಿಸುವ ರುಕ್ಮವ್ವ ಚೇರ್ಮನ್ನರ ಖಾಲಿ ಕುರ್ಚಿ ಹಿಡಿದು, "ಬಾಯಿ ಹೊಲಸಿತ್ತು ಖರೆ, ಮನಸ ಬಂಗಾರ," ಎಂದು ಅಳುತ್ತಿದ್ದಳು. ಬಬಲೇಶ್ವರ ಶಾಖೆಯವರು ಬೀಗ ಹಾಕಿ, ಟೆಂಪೊ ಮಾಡಿಕೊಂಡು ಹೊರಟಾಗಿತ್ತು.

"ಮೊದಲ ಅಳಿಸಿಬಿಡು. ನಾನೂ ನಂದು ಅಳಸ್ತೀನಿ," ಎಂದ ಹೇಮಂತ.

ಗುರುರಾಜ ಅಳಿಸಿದ. ಅಳಿಸಿದ ಮೇಲೆ ನೀರು ಕುಡಿದ.

ಹನ್ನೆರಡಕ್ಕೆ ಬಸಲಿಂಗಯ್ಯನವರು ತಮ್ಮ ಕಾಲಮೇಲೆ ತಾವೇ ನಡೆದು ಬಂದರು. ರುಕ್ಮವ್ವ ಕುರ್ಚಿ ಬಿಟ್ಟು ಓಡಿದಳು. ಅದೇ ಹೊತ್ತಿಗೆ ಬಬಲೇಶ್ವರದ ಟೆಂಪೊ ಬಂದು ನಿಂತಿತು. ಆರು ಜನ ಆರು ಹಾರ ಹಿಡಿದು ಇಳಿದು, ಹೆಣದ ಮುಖ ನೋಡಲು ಬಂದವರು ಜೀವಂತ ಮುಖ ನೋಡಿ ಕಲ್ಲಾದರು. ಕೊನೆಗೆ ಅವರಲ್ಲಿ ಹಿರಿಯನೊಬ್ಬ, "ಸತ್ಕಾರಕ್ಕ ಬಂದೇವ್ರಿ ಸಾಹೇಬ್ರ," ಎಂದು ಹಾರ ಹಾಕಿಯೇಬಿಟ್ಟ.

ಆಮೇಲೆ ಒಳಗಿನಿಂದ ಗುರುರಾಜನಿಗೆ ಕರೆ ಬಂತು. ಬಸಲಿಂಗಯ್ಯನವರು ಫೋನನ್ನು ಮೂಗಿಗೆ ಹಿಡಿದು ಕುಳಿತಿದ್ದರು. ಕಣ್ಣು ಒದ್ದೆ.

"ಗುರುರಾಜ, ನಲವತ್ತು ವರ್ಷ ಈ ಊರಾಗ ದುಡದೆ. ಒಬ್ಬನ ಬಾಯಾಗೂ ಚಲೋ ಮಾತು ಕೇಳಿರಲಿಲ್ಲ. ಇಲ್ಲಿ ನೋಡು, ಮುನ್ನೂರು ಮಂದಿ ಅತ್ತಾರ. ಸತ್ತ ಮ್ಯಾಲ ಅನ್ನೂದನ್ನ ಇದ್ದಾಗ ಓದೋ ಪುಣ್ಯ ಯಾರಿಗದ?"

ಗುರುರಾಜನ ಎದೆಯ ಮೇಲಿನ ಕಲ್ಲು ಇಳಿಯಿತು. ಬಾಯಿ ತೆರೆದ.

"ಒಂದೊಂದು ಹೆಸರು ಓದೀನಿ. ಹೇಮಂತ ಬರದಾನ. ರುಕ್ಮವ್ವ ಸೈತ ಯಾರ ಕೈಲೋ ಬರಸ್ಯಾಳ. ನಿಂದಷ್ಟ ಇಲ್ಲ. ಮೂರು ಸಲ ಹುಡುಕಿದೆ."

"ಸಾಹೇಬ್ರ, ಮೊದಲ ಬರದಾಂವ ನಾನರಿ. ಆಮ್ಯಾಲ ಅಳಿಸಿದೆ."

"ಯಾಕ?"

"ನೀವು ಅದೀರಿ ಅಂತ ಗೊತ್ತಾತರಿ."

ಬಸಲಿಂಗಯ್ಯನವರು ಫೋನು ಕೆಳಗಿಟ್ಟರು. "ಅಂದ್ರ ನಾ ಬದುಕೀನಿ ಅಂತ ಗೊತ್ತಾದಕೂಡ್ಲೇ ಚಲೋ ಮಾತು ವಾಪಸ್ ತೊಗೊಂಡಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಸಿಟ್ಟಾಗಿದ್ದರೆ ಕಾಲು ಹಿಡಿಯಬಹುದಿತ್ತು. ಅವರು ಮೇಜಿನ ಮೇಲಿನ ಎರಡು ಅರ್ಜಿಗಳಲ್ಲಿ ಒಂದನ್ನು ಎಳೆದುಕೊಂಡು ಸಹಿ ಹಾಕಿದರು. ಅದು ಹೇಮಂತನದು.

ಸಂಜೆ ಬಸ್ಸಿನಲ್ಲಿ ವಂದನಾಳ ಫೋನು ಬಂತು. "ಸಹಿ ಆತೇನ್ರಿ?" ಮಾತಿನ ನಡುವೆ ಸೀಟಿಯಂತೆ ಉಸಿರು ಕೇಳಿಸಿತು.

"ಇಲ್ಲ. ನೀ ಔಷಧ ತೊಗೊಂಡಿಯೇನು?"

ಫೋನು ಇಟ್ಟ. ಬೆರಳು ತಾನಾಗಿ ತಳ್ಳಿತು. ಕುರ್ಚಿ, ಪಟಗಾ, ಶಾಲು, ಬಬಲೇಶ್ವರದವರು ತಂದಿದ್ದ ಅವೇ ಹಾರಗಳು, ಮುಚ್ಚಿದ ಕಣ್ಣು. ಈ ಸಲ ಹೇಮಂತ.

ಗುರುರಾಜ ಅವಸರ ಮಾಡಲಿಲ್ಲ. ಫೋಟೊ ಹಿಗ್ಗಿಸಿ, ಕೆಳಗಿನ ಬದಲಿಯ ಬೀಳ್ಕೊಡುಗೆ ಎಂಬ ಸಾಲನ್ನೂ ಓದಿ, ಮೂರು ಸಲ ನೋಡಿದ. ಹೇಮಂತ ಗಟ್ಟಿಯಾಗಿಯೇ ಇದ್ದ.