ಮಾವನ ಮೂಗು, ನಾಲ್ಕು ಹನಿ ಕಾಮಕಸ್ತೂರಿ

ಕುಕ್ಕರ್ ಸಿಡಿಯಬಹುದಿತ್ತು. ಅದರ ಮೂತಿಗೆ ಸಿಕ್ಕಿಸಿದ ಪೈಪು ಕಳಚಿ ಬಿಸಿ ಹಬೆ ನೇರ ನನ್ನ ಮುಖಕ್ಕೇ ಬಡಿಯಬಹುದಿತ್ತು. ಗ್ಯಾಸು ಲೀಕಾಗಬಹುದಿತ್ತು. ಪಕ್ಕದ ಮನೆಯವರು ಇದೇನೋ ಕಳ್ಳಭಟ್ಟಿಯೆಂದು ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಜಾಮೀನಿಗೆ ಯಾರ ಕಾಲು ಹಿಡಿಯಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ. ಉಪ್ಪಾರಹಳ್ಳಿಯ ಮನೆಯಲ್ಲಿ ನನ್ನ ಸೋದರಮಾವ ಕಾಮಕಸ್ತೂರಿ ಎಣ್ಣೆ ಇಳಿಸಲು ನಿಂತ ಪ್ರತಿ ಭಾನುವಾರವೂ ನಾನು ಇಷ್ಟನ್ನೂ ಒಂದು ಸುತ್ತು ಅನುಭವಿಸಿ ಮುಗಿಸುತ್ತೇನೆ. ಐವತ್ತು ದಾಟಿದವನಿಗೆ ಇನ್ನೇನು ವ್ಯಾಯಾಮ?

ನಮ್ಮ ಮಾವನ ಹಾಗೆ ಬರೀ ಮೂಗಿನಿಂದ ಬದುಕಿದವರು ತುಮಕೂರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ! ಊದುಬತ್ತಿ ಕಾರ್ಖಾನೆಯಲ್ಲಿ ಸುಗಂಧ ಬೆರೆಸುವುದು ಅವರ ಕೆಲಸ. ಒಂದು ವಾಸನೆ ನೋಡಿ ಇನ್ನೊಂದಕ್ಕೆ ಹೋಗುವ ಮುಂಚೆ ತಮ್ಮದೇ ಅಂಗಿಯ ತೋಳನ್ನು ಮೂಸಿ ಮೂಗು ತೊಳೆದುಕೊಳ್ಳುತ್ತಿದ್ದರು. ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದಾಗಲೂ ಹುಡುಗಿಯ ಮುಖ ನೋಡದೆ, ಕೂತಲ್ಲಿಂದಲೇ ಗಾಳಿ ಎಳೆದು, "ಕನಕಾಂಬರದ ಮಧ್ಯೆ ಕಾಮಕಸ್ತೂರಿ ಸೇರಿಸಿ ಕಟ್ಟಿದೋರು ಯಾರು?" ಎಂದರಂತೆ. "ನಾನೇಯ" ಎಂದಳಂತೆ ಹುಡುಗಿ. ಅವರೇ ನಮ್ಮ ಅತ್ತೆ.

ಎರಡು ವರ್ಷದ ಕೆಳಗೆ ಒಂದು ಜ್ವರ ಬಂತು. ಹೋಗುವಾಗ ಮಾವನ ಮೂಗಿನಲ್ಲಿದ್ದುದನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ಪರಿಚಯದ ವಾಸನೆಯೊಂದನ್ನು ದಿನಾ ಮೂಸುತ್ತಿರಿ, ಬಂದರೆ ಬರಬಹುದು ಎಂದರು ಡಾಕ್ಟರು. "ಬಂದರೆ" ಎಂಬುದನ್ನು ನಾನು ಹಿಡಿದುಕೊಂಡೆ, "ಬರಬಹುದು" ಎಂಬುದನ್ನು ಮಾವ.

ಅವತ್ತಿನಿಂದ ಹುಲಿಯೂರುದುರ್ಗದ ಬಸ್ಸಿನಲ್ಲಿ ಸೊಪ್ಪಿನ ಕಂತೆ ಬರತೊಡಗಿತು. ಸೊಪ್ಪನ್ನು ಕುಕ್ಕರಿನಲ್ಲಿ ಬೇಯಿಸಬೇಕು, ಹಬೆಯನ್ನು ತಣ್ಣೀರಿನ ಬಕೆಟ್ಟಿನ ಮೂಲಕ ಹಾಯಿಸಿ ಸೀಸೆಗಿಳಿಸಬೇಕು. ಇಷ್ಟಾದರೆ ನೀರಿನ ಮೇಲೆ ನಾಲ್ಕು ಹನಿ ಎಣ್ಣೆ ತೇಲುತ್ತದೆ.

"ಮೊದ್ಲು ಸೋಂಪಿನ ಸಿಹಿ, ಹಿಂದ್ಲೇ ಲವಂಗದ ಖಾರ," ಎಂದು ಪಾಠ ಹೇಳುವರು ಮಾವ. "ಮಲ್ಲಿಗೆ ಸೆಂಟಿಗೆ ಒಂದ್ ಹನಿ ಬುಟ್ರೆ ಮಲ್ಲಿಗೆ ಎದ್ದು ಕೂತ್ಕಂತದೆ. ಆದ್ರೆ ಮೊದ್ಲು ಬರೋದೂ ಇದೇಯ, ಮೊದ್ಲು ಹೋಗೋದೂ ಇದೇಯ ಕಣ್ಲಾ." ಆಮೇಲೆ ಸೀಸೆ ನನ್ನ ಮೂಗಿನ ಕೆಳಗೆ. "ಹೆಂಗೈತೆ ಹೇಳು."

"ಚೆನ್ನಾಗೈತೆ ಮಾವ."

"ಚೆನ್ನಾಗೈತೆ ಅನ್ನೋದು ಒಂದು ವಾಸ್ನೆ ಏನ್ಲಾ? ಮೂಗಿರೋನು ನೆಟ್ಟಗೆ ಹೇಳು."

ಮೂಗಿದ್ದೂ ಕೆಲಸಕ್ಕೆ ಬಾರದ ನಾನು ಬಕೆಟ್ಟಿನ ನೀರು ಬದಲಾಯಿಸಲು ಏಳುತ್ತಿದ್ದೆ.

ಗುಬ್ಬಿಯ ನೆಂಟರ ಗೃಹಪ್ರವೇಶದಲ್ಲಿ ಮಜ್ಜಿಗೆಗೆ ಒಂದು ಹನಿ ಬಿಡುತ್ತೇನೆಂದು ಹೋದರು. ಒಂದು ಬಿಟ್ಟರು, ಮೂಸಿದರು. ಇನ್ನೊಂದು ಬಿಟ್ಟರು, ಮೂಸಿದರು. ಗೊತ್ತಾಗದೆ ಸೀಸೆಯೇ ಖಾಲಿ. ಪಂಕ್ತಿಗೆ ಪಂಕ್ತಿಯೇ ಸಂಜೆವರೆಗೂ ಹೂವಿನಂಗಡಿಯನ್ನು ತೇಗಿತು.

"ಏನಯ್ಯಾ, ಮಜ್ಜಿಗೇನೋ ಸೋಪಿನ ನೀರೋ?" ಎಂದರು ಯಜಮಾನರೊಬ್ಬರು.

"ಗಮ ಬಂತಾ?" ಎಂದರು ಮಾವ ಆಸೆಯಿಂದ.

"ಹೊಟ್ಟೆ ಒಳಗಿಂದ ಬತ್ತಾ ಐತೆ."

"ಪುಣ್ಯವಂತ ಬುಡು."

ಎಲ್ಲರೂ ನಕ್ಕರು, ನಾನೂ ನಕ್ಕೆ. ವಾಪಸು ಬರುವ ಬಸ್ಸಿನಲ್ಲಿ ಮಾವ ತುಮಕೂರು ಬರುವ ತನಕ ಅಂಗಿಯ ತೋಳನ್ನು ಮೂಸುತ್ತಲೇ ಕೂತಿದ್ದರು.

ಅತ್ತೆ ಇವತ್ತಿಗೂ ಕಾಮಕಸ್ತೂರಿ ಸೇರಿಸಿಯೇ ದಂಡೆ ಕಟ್ಟಿ ಮುಡಿಯುತ್ತಾರೆ. ಮುಡಿದು, ಏನೋ ಹುಡುಕುವವರಂತೆ ಮಾವನ ಮುಂದೆ ಒಮ್ಮೆ ಹಾದುಹೋಗುತ್ತಾರೆ. "ಕಾಣ್ತೈತೆ ಕಣೇ, ಹೂವು ಕಾಣ್ತೈತೆ," ಎನ್ನುತ್ತಾರೆ ಮಾವ.

ಮೊನ್ನೆ ಭಾನುವಾರ ಏನೂ ಸಿಡಿಯಲಿಲ್ಲ. ಪೈಪು ಗಟ್ಟಿಯಾಗಿಯೇ ಇತ್ತು. ಪೊಲೀಸರೂ ಬರಲಿಲ್ಲ. ಹಳೇ ಕಾರ್ಖಾನೆಯ ಕಥೆ ಹೇಳುತ್ತಿದ್ದ ಮಾವ ಮಾತು ನಿಲ್ಲಿಸಿ ಒಲೆಯ ಮೇಲೆ ಬಾಗಿದರು. ನನ್ನ ಮೊಣಕೈ ಹಿಡಿದುಕೊಂಡರು.

"ಬಂತು ಕಣ್ಲಾ," ಎಂದರು ಮೆಲ್ಲಗೆ. "ಸೋಂಪು. ಇಗಾ, ಹಿಂದ್ಲೇ ಲವಂಗ. ನಿಂಗೂ ಬತ್ತಾ ಐತಾ?"

ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದ ಅತ್ತೆ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದರು.

ಜನ್ಮದಲ್ಲಿ ಮೊದಲ ಸಲ ನಾನು ನೆಟ್ಟಗೆ ಹೇಳಿದೆ: "ಹೂಂ ಮಾವ. ಮೊದ್ಲು ಸೋಂಪು, ಹಿಂದ್ಲೇ ಲವಂಗ."

ಅತ್ತೆ ಸೆರಗು ಇಳಿಸಿದರು. ಮಾವನ ಪಕ್ಕಕ್ಕೆ ಬಂದು, ಮುಡಿದ ದಂಡೆ ಅವರ ಮುಖದ ಹತ್ತಿರ ಬರುವ ಹಾಗೆ ತಲೆ ಬಾಗಿಸಿ ನಿಂತರು. ನಾನು ಹಿಂದಿನಿಂದ ಕೈಹಾಕಿ ಗ್ಯಾಸು ಆರಿಸಿದೆ.

ಬೇರೇನೂ ಆಗಿರಲಿಲ್ಲ. ಕುಕ್ಕರಿನ ನೀರು ಯಾವಾಗಲೋ ಇಂಗಿಹೋಗಿ, ಸೊಪ್ಪು ತಳ ಹಿಡಿದು ಸೀದಿತ್ತು, ಅಷ್ಟೇ.