ಮಾಮ ಅಂಟು ಹುಡುಕಿದ್ದು

ನಮ್ಮ ಮಾಮ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅವರ ಚಪ್ಪಲಿಯ ಅಡಿಯನ್ನು! ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಮಗುಚಿ, ಅಟ್ಟೆಯ ಅಂಚಿಗೆ ಉಗುರು ಹಾಕಿ ಎಬ್ಬುತ್ತಾನೆ. "ಇದು ಯಾವ ವರ್ಷದ್ದು?" ಎಂದು ಒಳಗೆ ಕೂಗುತ್ತಾನೆ. ಅಂಕೋಲೆಯಲ್ಲಿ ಒಮ್ಮೆ ಸಾವಿನ ಮನೆಗೆ ಹೋದಾಗಲೂ ಇದನ್ನೇ ಮಾಡಿದ. ಸತ್ತವರ ಮಗ ಅಳು ನಿಲ್ಲಿಸಿ, "ಅದು ಅಪ್ಪಂದು. ಐದು ವರ್ಷ ಆಯ್ತು" ಎಂದ. ಮಾಮ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟು, "ಅಂಟು ಇನ್ನೂ ಗಟ್ಟಿ ಅದೆ" ಎಂದು ನಿಟ್ಟುಸಿರು ಬಿಟ್ಟ. ಅವನು ಸಂತಾಪ ಹೇಳಿದ್ದು ಅಷ್ಟೇ!

ಮಾಮ ಎಂದರೆ ಅಮ್ಮನ ಅಣ್ಣ. ಮನೆ ಕಿನ್ನರ ಎಂಬ ಊರಿನಲ್ಲಿ, ಅಂಗಡಿ ಹತ್ತಿರದ ಕಾರವಾರ ಪೇಟೆಯಲ್ಲಿ. ಪೆಟ್ಟಿಗೆಗಳ ಒಳಗೆ ಸ್ಪಂಜು ಕೂರಿಸುವುದು ಅವನ ಕಸುಬು. ಮದುವೆ ವಿಡಿಯೋದವರ ಕ್ಯಾಮೆರಾ, ಅರ್ಗಾದ ಕಡೆ ಕೆಲಸಕ್ಕೆ ಬಂದ ಸರ್ವೆಯವರ ದುರ್ಬೀನು, ಭಜನೆಯವರ ತಬಲಾ, ಏನೇ ಬರಲಿ, ಅದರ ಆಕಾರಕ್ಕೆ ಸ್ಪಂಜಿನಲ್ಲಿ ಗುಂಡಿ ಕೊರೆದು, ಪೆಟ್ಟಿಗೆಯ ಒಳಮೈಗೆ ಅಂಟಿಸಿ ಕೊಡುತ್ತಾನೆ. ಆ ಪೆಟ್ಟಿಗೆ ಬಸ್ಸಿನ ಟಾಪಿನಿಂದ ಬಿದ್ದರೂ ಒಳಗಿದ್ದದ್ದಕ್ಕೆ ಎಚ್ಚರವಾಗುವುದಿಲ್ಲ. ಅವನ ಕೆಲಸಕ್ಕೆ ಯಾರೂ ಹೆಸರಿಡುವಂತಿಲ್ಲ. ಯಾವಾಗ ಮುಗಿಯುತ್ತದೆ ಎಂದು ಮಾತ್ರ ಕೇಳಬೇಡಿ!

ಇನ್ನು ನಾನು. ಎಂಟನೇ ಕ್ಲಾಸಿನಲ್ಲಿರುವಾಗ ನನಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವಂಥದ್ದಲ್ಲ, ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಬದುಕಲು ಬಿಡದಂಥದ್ದು. "ಎಷ್ಟು ಚುಚ್ಚಿದೆ, ಏನು ತಿಂದೆ, ಎಲ್ಲ ತಾರೀಕು ಹಾಕಿ ಬರೆದಿಡು" ಎಂದರು ಡಾಕ್ಟರು. ಬರೆಯುವ ಚಟ ಹತ್ತಿದ್ದು ಹಾಗೆ. ಸೂಜಿಯ ಲೆಕ್ಕ ಮುಗಿದ ಮೇಲೂ ಪುಟದಲ್ಲಿ ಜಾಗ ಉಳಿಯುತ್ತಿತ್ತಲ್ಲ, ಮನೆಗೆ ಬಂದವರು "ಅಯ್ಯೋ ಪಾಪ" ಎಂದಾಗಲೆಲ್ಲ ಒಂದು ಗೀಟು ಹಾಕತೊಡಗಿದೆ. ಒಂದು ಭಾನುವಾರ ದೊಡ್ಡಮ್ಮ ಒಬ್ಬಳೇ ಹನ್ನೊಂದು ಗೀಟು ಗಳಿಸಿದಳು! ಹೊರಡುವಾಗ ಅಮ್ಮನ ಕಿವಿಯಲ್ಲಿ, ನನಗೂ ಕೇಳುವಷ್ಟು ಮೆಲ್ಲಗೆ, "ಒಂದು ಲಾಡು ಕೊಡೆ ಮಾರಾಯ್ತಿ. ಆಸೆ ಇಟ್ಕಂಡು ಹೋಗೂದು ಬೇಡ" ಎಂದಳು. ಎಲ್ಲಿಗೆ ಹೋಗುವುದು ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಮ್ಮ ಲಾಡು ಕೊಡಲಿಲ್ಲ. ಆದರೆ ಆ ವರ್ಷ ಯೂನಿಫಾರ್ಮ್ ಹೊಲಿಸಲು ಹೋದಾಗ ಟೈಲರ್ ಎಂದಿನಂತೆ, "ಬೆಳಿಯೂ ಹುಡುಗಿ, ಕೆಳಗೆ ಎರಡು ಬೆರಳು ಹೆಚ್ಚು ಬಿಟ್ಟು ಮಡಚ್ತೆ" ಎಂದರೆ, "ಬೇಡ. ಈಗಿನ ಅಳತೆಗೇ ಹೊಲಿ" ಎಂದಳು. ಅದನ್ನೂ ಬರೆದಿಟ್ಟೆ. ಗೀಟು ಹಾಕಲು ಮನಸ್ಸಾಗಲಿಲ್ಲ.

ಹತ್ತನೇ ಕ್ಲಾಸು ಮುಗಿದು ಕಾರವಾರದಲ್ಲಿ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತು. ನಮ್ಮೂರು ಅಗಸೂರಿನಿಂದ ಅಂಕೋಲೆಗೆ ಒಂದು ಬಸ್ಸು, ಅಲ್ಲಿಂದ ಕಾರವಾರಕ್ಕೆ ಇನ್ನೊಂದು. ಮಧ್ಯಾಹ್ನದ ಸೂಜಿಗಾಗಿ ಔಷಧಿಯ ಗಾಜಿನ ಸೀಸೆ ಜೊತೆಯಲ್ಲೇ ಇರಬೇಕು. ಅದಿರಿನ ಲಾರಿಗಳು ಓಡಿ ಓಡಿ ಆಗ ನಮ್ಮ ರಸ್ತೆಯಲ್ಲಿ ಹೊಂಡಗಳ ನಡುವೆ ಅಷ್ಟಿಷ್ಟು ರಸ್ತೆ ಉಳಿದಿತ್ತು. ಕಾಲೇಜಿಗೆ ಹೆಸರು ಹಚ್ಚಲು ಹೋದ ದಿನವೇ ಬಸ್ಸು ಒಂದು ಹೊಂಡಕ್ಕೆ ಹಾರಿತು. ಚೀಲದಲ್ಲಿದ್ದ ಸೀಸೆ ಒಡೆಯಿತು. ಇದ್ದದ್ದು ಅದೊಂದೇ. ಮರುದಿನ ಬೇರೆ ಸೀಸೆ ಸಿಗುವಷ್ಟರಲ್ಲಿ ನಾನು ಆಸ್ಪತ್ರೆಯ ಮಂಚದ ಮೇಲಿದ್ದೆ. ಅಲ್ಲೇ ಅಮ್ಮ ತೀರ್ಪು ಕೊಟ್ಟಳು: "ಸೀಸೆ ಒಡೆಯದ ಪೆಟ್ಟಿಗೆ ಆಗೂವರೆಗೆ ಕಾಲೇಜು ಇಲ್ಲ."

"ಅಷ್ಟೇಯಾ? ನಾ ಮಾಡ್ಕೊಡ್ತೆ ಬಿಡೆ" ಎಂದ ಮಾಮ. ನಮ್ಮ ಕಷ್ಟ ಶುರುವಾದದ್ದು ಆಗ!

ಮೊದಲು ಮೈದಾ ಅಂಟು ಕುದಿಸಿದ. ಹುಳ ಬರದಿರಲಿ ಎಂದು ಅದಕ್ಕೆ ಮೈಲುತುತ್ತ ಹಾಕುವ ರೂಢಿಯಿದೆ. "ಔಷಧಿ ಇಡೂ ಪೆಟ್ಟಿಗೆ, ವಿಷ ಬೇಡ" ಎಂದು ಅದನ್ನು ಬಿಟ್ಟ. ಎರಡೇ ದಿನಕ್ಕೆ ಪೆಟ್ಟಿಗೆಯ ತುಂಬ ಇರುವೆ. ಮಾಮ ಬಗ್ಗಿ ನೋಡಿ, "ನಿಂಗೆ ಸಕ್ಕರೆ ಅದೆ ಹೇಳಿ ಇವಕ್ಕೆ ಯಾರು ಹೇಳಿದ್ರು ಪೋರಿ?" ಎಂದ. ನನ್ನ ಕಾಯಿಲೆಯ ಬಗ್ಗೆ ತಮಾಷೆ ಮಾಡುವ ಧೈರ್ಯ ಊರಿನಲ್ಲಿ ಅವನೊಬ್ಬನಿಗೇ ಇತ್ತು. ನಾನು ನಕ್ಕೆ. ಅಮ್ಮ ಒಳಗೆ ಹೋದಳು.

ಆಮೇಲೆ ಬಡಗಿಗಳ ಬಿಳಿ ಗೋಂದು. ಮಳೆಗಾಲದ ಕಾರವಾರದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಗೋಂದು ಒಣಗುವುದುಂಟೆ? ವಾರ ಬಿಟ್ಟು ಮುಟ್ಟಿದರೂ ಸ್ಪಂಜು ಹಾಲಿನ ಮೇಲಿನ ಕೆನೆಯಂತೆ ಜಾರಿತು. ಆಮೇಲೆ ಕ್ಷಣದಲ್ಲಿ ಹಿಡಿಯುವ ನೀರಿನಂಥ ಅಂಟು. ಅದು ಹಿಡಿದದ್ದು ಮಾಮನ ಎರಡು ಬೆರಳನ್ನು! ಪೆಟ್ಟಿಗೆಯ ಮುಚ್ಚಳವನ್ನು ಕೈಗೆ ಅಂಟಿಸಿಕೊಂಡೇ ಊಟಕ್ಕೆ ಕೂತ. ಅತ್ತೆ ಮೀನು ಬಡಿಸುತ್ತ, "ಬಿಡದೇ ಇರೂ ಅಂಟು ಸಿಕ್ತಲ್ಲ! ಇದನ್ನೇ ಹಾಕಿ ಮುಗ್ಸಿ" ಎಂದಳು.

"ಸ್ಪಂಜು ಬಗ್ತದೆ, ಇದು ಬಗ್ಗೂದಿಲ್ಲ. ಬಸ್ಸಿನ ಹೊಡೆತಕ್ಕೆ ಸೀಳ್ತದೆ" ಎಂದ ಮಾಮ, ಎಡಗೈಯಲ್ಲಿ ಮುಳ್ಳು ಬಿಡಿಸುತ್ತ.

ಕೊನೆಗೆ ಚಪ್ಪಲಿ ರಿಪೇರಿಯವರ ಹಳದಿ ಅಂಟು. ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರುವವರೆಗೆ ಕಾದು, ಆಮೇಲೆ ಒತ್ತಬೇಕು. ಕಾಯುವುದು ಮಾಮನಿಗೆ ಹೇಳಿ ಮಾಡಿಸಿದ ಕೆಲಸ. ಸ್ಪಂಜು ಕೂತಿತು. ಪರೀಕ್ಷೆಗೆಂದು ಸೀಸೆಯ ಗುಂಡಿಯಲ್ಲಿ ಕೋಳಿಮೊಟ್ಟೆ ಇಟ್ಟುಕೊಂಡು, ಕಾರವಾರದಿಂದ ಅಗಸೂರಿನವರೆಗೆ ಬಸ್ಸಿನ ಹಿಂದಿನ ಸೀಟಿನಲ್ಲೇ ಕುಣಿಯುತ್ತ ಬಂದ. ಮಾಮನ ಸೊಂಟ ಉಳುಕಿತ್ತು, ಮೊಟ್ಟೆಗೆ ಏನೂ ಆಗಿರಲಿಲ್ಲ! ಅಮ್ಮ ಅದನ್ನು ಆಮ್ಲೆಟ್ ಮಾಡಿದಳು. ನಾನು ಪೆಟ್ಟಿಗೆಗೆ ಕೈ ಚಾಚಿದೆ.

"ತಡಿಯೆ. ಇದು ಈಗ ಹಿಡ್ದದೆ. ಮುಂದೆ?" ಎಂದು ಮಾಮ ಅದನ್ನು ವಾಪಸು ತೆಗೆದುಕೊಂಡು ಹೋದ.

ಚಪ್ಪಲಿ ಮಗುಚುವ ಚಾಳಿ ಹತ್ತಿದ್ದು ಇಲ್ಲಿಂದ. ಅಂಟಿಸಿದ ಹಳೆಯ ವಸ್ತು ಎಲ್ಲಿದ್ದರೂ ಅದರ ವಯಸ್ಸು ಕೇಳುತ್ತಿದ್ದ. ಬೀಗರ ಮನೆಯ ಸೋಫಾಕ್ಕೆ ಉಗುರು ಹಾಕಿದ. ಅಮ್ಮನ ಮದುವೆಯ ಸೂಟ್‌ಕೇಸಿನ ಒಳಬಟ್ಟೆ ಕಿತ್ತು ಮೂಸಿ ನೋಡಿದ. ಸರ್ವೆಯವರ ಒಂದು ಹಳೇ ಪೆಟ್ಟಿಗೆ ರಿಪೇರಿಗೆ ಬಂತು. ಅದರಲ್ಲಿ ಅಂಟು ಗಟ್ಟಿಯಾಗಿತ್ತು, ಸ್ಪಂಜೇ ಹುಡಿಯಾಗಿತ್ತು. ಮಾಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ! ಇತ್ತ ಕಾಲೇಜು ಶುರುವಾಗಿತ್ತು. ತಪ್ಪಿದ ಕ್ಲಾಸಿಗೆ ಒಂದೊಂದು ಗೀಟು ಹಾಕುತ್ತ ಹೋದೆ. ಅವು "ಅಯ್ಯೋ ಪಾಪ"ದ ಗೀಟುಗಳನ್ನು ಹಿಂದೆ ಹಾಕುವ ಹೊತ್ತಿಗೆ, ಒಂದು ಭಾನುವಾರ ಮಾಮ ಪೆಟ್ಟಿಗೆ ಹಿಡಿದು ಬಂದ. ಒಳಗೆ ಸ್ಪಂಜಿಲ್ಲ, ಹವಾಯಿ ಚಪ್ಪಲಿಯ ಅಟ್ಟೆಯಂಥ ದಟ್ಟ ಕಪ್ಪು ಫೋಮು. ಅಂಟು ಜೀಪಿನ ಸೀಟು ಹೊಲಿಯುವವರದ್ದು. ದೊಡ್ಡಮ್ಮನೂ ಬಂದು ಕೂತಿದ್ದಳು. ಅಮ್ಮನಿಗೆ ತಡೆಯಲಾಗಲಿಲ್ಲ.

"ಕ್ಲಾಸು ಶುರುವಾಗಿ ಎಷ್ಟು ದಿನ ಆಯ್ತು! ಆ ಹಳದಿ ಅಂಟಿಗೆ ಎಂತಾಗಿತ್ತಣ್ಣಾ?"

"ಅದು ಆರೇಳು ವರ್ಷಕ್ಕೆ ಒಣಗಿ ಬಿಡ್ತದೆ."

"ಬಿಡ್ಲಿ! ಆರೇಳು ವರ್ಷ ಸಾಲೂದಿಲ್ವಾ ಇವ್ಳಿಗೆ..."

ಅಮ್ಮನ ಮಾತು ಅಲ್ಲಿಗೇ ನಿಂತಿತು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಒಳಗೊಳಗೇ ಹಾಕಿಟ್ಟುಕೊಂಡಿದ್ದ ಲೆಕ್ಕ ಒಮ್ಮೆಲೇ ನಡುಮನೆಯಲ್ಲಿ ಬಂದು ಕೂತಂತಾಯಿತು. ಮಾಮನಿಗೆ ಮಾತ್ರ ಏನೂ ತಿಳಿಯಲಿಲ್ಲ. ಫೋಮಿನ ಅಂಚನ್ನು ಉಗುರಿನಿಂದ ಎಬ್ಬಿ ನೋಡುತ್ತ ಹೇಳಿದ:

"ಹೆಂಗೆ ಸಾಲ್ತದೆ? ಡಿಪ್ಲೊಮಾಕ್ಕೇ ಮೂರು ವರ್ಷ. ಆಮೇಲೆ ನೌಕರಿ, ಅದು ಎಲ್ಲೆಲ್ಲಿ ತಿರುಗಿಸ್ತದೋ! ಲಗ್ನ ಆಗ್ತದೆ. ಮಕ್ಕಳು ಕೈ ಹಾಕಿ ಎಳೀದೆ ಬಿಡ್ತವಾ? ಆಮೇಲೆ ಪೆನ್ಶನ್ನು. ಅಷ್ಟೊತ್ತಿಗೆ ನಾ ಇರೂದಿಲ್ಲ. ಅಂಟು ಬಿಟ್ರೆ ಪೋರಿ ಯಾರ ಹತ್ರ ಹೋಗೂದು?"

ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುವುದು ಕೇಳುತ್ತಿತ್ತು. ಅಮ್ಮ ಪೆಟ್ಟಿಗೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಮುಚ್ಚಳ ತೆರೆದಳು, ಮುಚ್ಚಿದಳು. ನನ್ನ ಕೈ ಹಿಡಿದು ಹಿಡಿಕೆಯೊಳಗೆ ತೂರಿಸಿ, ಬಹಳ ಹೊತ್ತು ನೋಡಿದಳು.

"ಹಿಡಿಕೆ ಸಣ್ಣದಾಯ್ತಣ್ಣಾ" ಎಂದಳು.

"ಅಳತೆ ತಕಂಡೇ ಮಾಡಿದ್ದಲ್ವೇ? ಸರೀ ಕೂತದೆ."

"ಈಗಿನ ಅಳತೆ ಬೇಡ."

ಮಾಮ ನನ್ನ ಕೈ ನೋಡಿದ, ಹಿಡಿಕೆ ನೋಡಿದ. "ಹೌದಲ್ಲ!" ಎಂದವನೇ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಚಹಾ ಕೂಡ ಕುಡಿಯದೆ, ಮತ್ತೆ ಕಾರವಾರದ ದಾರಿ ಹಿಡಿದ. ಅಲ್ಲಿಗೆ ಇನ್ನೂ ಒಂದು ವಾರದ ಕ್ಲಾಸು ಹೋಯಿತು! ಅಮ್ಮ ಅವನನ್ನು ತಡೆಯಲಿಲ್ಲ. ಅಂಗಳದ ತುದಿಯವರೆಗೆ ಹಿಂದೆಯೇ ಓಡಿ, ಬಸ್ಸಿನ ಸದ್ದಿನಲ್ಲೂ ಕೇಳುವಂತೆ ಕೂಗಿದಳು:

"ಎರಡು ಬೆರಳು ಹೆಚ್ಚೇ ಬಿಡಣ್ಣಾ, ಬೆಳಿಯೂ ಹುಡುಗಿ!"