ಬೋರ್ಡು ಹಾಕಿದ ದಿನ ಮರ್ವ್ ಈಜಿದ್ದು

ಶನಿವಾರ ರಾತ್ರಿ ಸುರಿದ ಮಳೆಯೇ ಎಲ್ಲ ಎಡವಟ್ಟಿಗೂ ಕಾರಣ. ಭಾನುವಾರ ಬೆಳಿಗ್ಗೆ ಮರ್ವ್ ಹೆಗಲಿಗೆ ಟವೆಲ್ ಏರಿಸಿಕೊಂಡು ಬಂಡೆಗಳ ನಡುವೆ ಸಮುದ್ರದ ನೀರು ತುಂಬುವ ಈಜುಕೊಳಕ್ಕೆ ಬಂದಾಗ, ಊರಿನ ಮೋರಿ ನೀರೆಲ್ಲ ಪಕ್ಕದ ಕೊಳವೆಯಿಂದ ಧೋ ಎಂದು ಅದರೊಳಕ್ಕೇ ಬೀಳುತ್ತಿತ್ತು. ಮೆಟ್ಟಿಲ ಬಳಿ ನಗರಸಭೆಯ ಬೋರ್ಡು: ‘ನೀರು ಕಲುಷಿತ. ಈಜಬೇಡಿ.’

ಐದು ಚಳಿಗಾಲ ಒಂದೂ ಭಾನುವಾರ ತಪ್ಪಿಸದೆ ಕೊಳಕ್ಕಿಳಿದವರ ಹೆಸರನ್ನು ಈಜು ಸಂಘದವರು ಗೋಡೆಯ ಹಿತ್ತಾಳೆ ಫಲಕದಲ್ಲಿ ಕೆತ್ತಿಸುತ್ತಾರೆ. ಮರ್ವನ ಐದನೇ ಚಳಿಗಾಲದ ಕೊನೆಯ ಭಾನುವಾರ ಇದು. ಇವತ್ತು ಸಂಜೆ ಸಂಘದ ಔತಣದಲ್ಲೇ ಹೆಸರು ಓದುತ್ತಾರೆ. ಮಗಳ ಮದುವೆಯ ದಿನವೂ ಮುಳುಗಿ ಎದ್ದು ಬಂದವನು ಒಂದು ಬೋರ್ಡಿಗೆ ಹೆದರುತ್ತಾನೆಯೇ?

ನೆರೆಮನೆಯ ಕ್ಲೈವ್‌ಗೂ ಇದೇ ಕೊನೆಯ ಭಾನುವಾರ. ಅವನು ಮಾತ್ರ ಉಣ್ಣೆಯ ಕೋಟು ತೊಟ್ಟು, ದಡದಲ್ಲಿ ಚಹಾ ಹೀರುತ್ತ ನಿಂತಿದ್ದ.

“ಬೇಡ ಮಾರಾಯ! ಊರಿನ ನಾಯಿಗಳ ಹೇಲೆಲ್ಲ ಕೊಚ್ಚಿ ಬಂದಿದೆ. ಇಂಥ ನೀರಿಗೆ ಬಿದ್ದು ನನ್ನ ಮೈದುನ ವಾರವಿಡೀ ಕಕ್ಕಸಿನಲ್ಲೇ ಸಂಸಾರ ಮಾಡಿದ.”

“ನಿನ್ನ ಮೈದುನ ಆಚೆ ಊರಿನವನು. ಇದು ನಮ್ಮ ಕೊಳ, ನಮ್ಮಪ್ಪ ಈಜಿದ ನೀರು. ಇಡೀ ಕರಾವಳೀಲಿ ಇಂಥ ನೀರು ತೋರಿಸು ನೋಡೋಣ!”

“ತೋರಿಸೋದೇನು, ಮೂಗಿಗೇ ಬಡೀತಿದೆ.”

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಡಾರ್ಲೀನ್ ಕೊಡೆ ಹಿಡಿದು ಓಡಿ ಬಂದಳು. “ಮರ್ವ್, ನಿಲ್ಲು! ಹೊಸ ನಿಯಮ ಏನಂದ್ರೆ...”

“ನಿಯಮ ನಂಗೆ ಹೇಳ್ಕೊಡ್ತೀಯಾ? ಐದು ವರ್ಷ ಇಲ್ಲಿ ನಡುಗಿದ್ದು ಸುಮ್ನೇನಾ?”

“ಅಯ್ಯೋ, ಪೂರ್ತಿ ಕೇಳಾದ್ರೂ ಕೇಳೋ!”

ಕೇಳಲು ಅವನ ಕಿವಿಗಳು ನೀರಿನ ಮೇಲಿರಲಿಲ್ಲ. ನಡುಕೊಳದಲ್ಲಿ ಮಗುವಿನ ಡೈಪರೊಂದು ಎದುರಾಯಿತು. ಅದಕ್ಕೆ ದಾರಿ ಬಿಡುವಷ್ಟರಲ್ಲಿ ಅಲೆ ಬಡಿದು, ಎರಡು ಗುಟುಕು ಗಂಟಲಿಗಿಳಿಯಿತು. ತಲೆಗೆ ಚಿಪ್ಸ್ ಪೊಟ್ಟಣ ಅಂಟಿಸಿಕೊಂಡು ಮೇಲೆದ್ದವನು ಎರಡೂ ಕೈ ಎತ್ತಿ ಗರ್ಜಿಸಿದ: “ನೋಡ್ಕೊಳ್ರೋ ಪುಕ್ಕಲರಾ!” ಡಾರ್ಲೀನ್ ಹಣೆ ಚಚ್ಚಿಕೊಂಡಳು. ಅದನ್ನು ಹೊಟ್ಟೆಕಿಚ್ಚೆಂದು ತಿಳಿದ ಮರ್ವ್ ಯಾರಿಗೂ ಮಾತಿಗೆ ಸಿಗದೆ ಮನೆಗೆ ನಡೆದ.

ಸಂಜೆ ಔತಣದಲ್ಲಿ ಸಾಸೇಜು ಬಡಿಸುವಷ್ಟರಲ್ಲಿ ಅವನ ಹೊಟ್ಟೆಯೊಳಗೆ ಗುಡುಗು ಶುರುವಾಯಿತು. ಹಣೆಯಲ್ಲಿ ತಣ್ಣನೆಯ ಬೆವರು.

“ಹೋಗಿ ಬಂದ್ಬಿಡು, ಮುಖ ನೋಡೋಕಾಗ್ತಿಲ್ಲ” ಎಂದಳು ಹೆಂಡತಿ ನೋಲಾ.

“ಹೆಸರು ಕರೆದ ಮೇಲೆ!” ಎಂದು ಮರ್ವ್ ಮೊಣಕಾಲು ಜೋಡಿಸಿ ಕೂತ.

ಡಾರ್ಲೀನ್ ಓದಿದಳು: “ಈ ವರ್ಷ ಒಬ್ಬರೇ. ಕ್ಲೈವ್ ಹ್ಯಾಡ್ಲೋ!”

“ಇವನಾ? ಕಾಲಿನ ಹೆಬ್ಬೆರಳೂ ನೆನೆಸಿಲ್ವಲ್ಲ ಇವನು!”

“ಬೋರ್ಡು ಹಾಕಿದ ದಿನ ದಡಕ್ಕೆ ಬಂದು ನಿಂತ್ರೆ ಸಾಕು, ಈಜಿದ ಹಾಗೇ ಲೆಕ್ಕ. ಮೀರಿ ಇಳಿದವರದ್ದು ಐದೂ ಚಳಿಗಾಲ ರದ್ದು. ಅದನ್ನೇ ಹೇಳೋಕೆ ಓಡಿ ಬಂದೆ, ನೀನು ಮುಳುಗಿಬಿಟ್ಟೆ.”

ಮರ್ವ್ ಎದೆ ಸೆಟೆಸಿ ಎದ್ದು ನಿಂತ. “ಆಗ್ಲಿ! ಇನ್ನೂ ಐದು ಚಳಿಗಾಲ ಇಳೀತೀನಿ. ಇವತ್ತು ಈಜಿದ ಗಂಡು ನಾನೊಬ್ಬನೇ!”

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು, ಕ್ಲೈವ್ ಕೂಡ. ಹೆಮ್ಮೆಯಿಂದ ಮರ್ವನ ಕಣ್ಣು ತುಂಬಿತು. ಇನ್ನೊಂದು ಮಾತು ಆಡಲು ಬಾಯಿ ತೆರೆದವನು, ಹಾಗೆಯೇ ಕುರ್ಚಿ ಉರುಳಿಸಿಕೊಂಡು ಕಕ್ಕಸಿನತ್ತ ಓಡಿದ. ಚಪ್ಪಾಳೆ ಬಾಗಿಲವರೆಗೂ ಅವನ ಹಿಂದೆಯೇ ಹೋಯಿತು.